ಆರ್ಕಿಟೆಕ್ಚರ್ ಮೇಷ್ಟ್ರ ಮೊದಲ ಹತ್ತು ವರ್ಷ: ಕೆಲಸ ಕಾಯಂ ಆಗಲು, ಬಡ್ತಿ ಸಿಗಲು ಏನು ಮಾಡಬೇಕು?

ಎಂ.ಆರ್ಕ್ (ಆರ್ಕಿಟೆಕ್ಚರ್ ಸ್ನಾತಕೋತ್ತರ ಪದವಿ) ಮುಗಿಸಿ ಕಾಲೇಜಿಗೆ ಪಾಠ ಮಾಡಲು ಸೇರಿದವರ ದಿನ ಹೇಗಿರುತ್ತದೆ ಅಂತ ಈ ಕ್ಷೇತ್ರದವರಿಗೆಲ್ಲ ಗೊತ್ತು. ಬೆಳಿಗ್ಗೆ ಥಿಯರಿ ಕ್ಲಾಸು, ಮಧ್ಯಾಹ್ನ ಪೂರ್ತಿ ಡಿಸೈನ್ ಸ್ಟುಡಿಯೋ (ಮಕ್ಕಳು ಡಿಸೈನ್ ಮಾಡುವಾಗ ಪಕ್ಕ ಕೂತು ತಿದ್ದುವ ಕ್ಲಾಸು), ಸಂಜೆ ಥೀಸಿಸ್ ಮಕ್ಕಳ ಶೀಟು. ಸೆಮಿಸ್ಟರ್ ಕೊನೆಗೆ ಜ್ಯೂರಿ, ಅಂದರೆ ಮಕ್ಕಳ ಡಿಸೈನ್ ಅನ್ನು ಪರೀಕ್ಷಕರು ಕೂತು ನೋಡುವ ಮೌಲ್ಯಮಾಪನ. ನಡುವೆ ಸ್ಟಡಿ ಟೂರು, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಫೈಲು. ಹೀಗೆ ವರ್ಷಗಟ್ಟಲೆ ದುಡಿದು ಬಡ್ತಿ ಸಮಿತಿಯ ಮುಂದೆ ಕೂತಾಗ ಅವರು ಕೇಳುವುದೇ ಬೇರೆ: ಸಂಶೋಧನಾ ಪೇಪರ್ ಎಷ್ಟಿದೆ? ಪಿಎಚ್‌ಡಿ ಎಲ್ಲಿಗೆ ಬಂತು? ಇದಕ್ಕೆಲ್ಲ ದಾಖಲೆ ಎಲ್ಲಿ?

ಫಿಸಿಕ್ಸ್ ಅಥವಾ ಇತಿಹಾಸ ಕಲಿಸುವವರಿಗೆ ಪಾಠ ಮುಗಿದ ಮೇಲೆ ಒಂದಿಷ್ಟು ಹೊತ್ತು ಉಳಿಯುತ್ತದೆ. ಸ್ಟುಡಿಯೋ ಮೇಷ್ಟ್ರಿಗೆ ಉಳಿಯುವುದಿಲ್ಲ. ಆದ್ದರಿಂದ ಸ್ಟುಡಿಯೋ ಮುಗಿದ ಮೇಲೆ ಸಂಶೋಧನೆ ಮಾಡುತ್ತೇನೆ ಅನ್ನುವ ಲೆಕ್ಕಾಚಾರ ನಡೆಯುವುದು ಕಷ್ಟ. ಸ್ಟುಡಿಯೋದ ಒಳಗಿನಿಂದಲೇ ಸಂಶೋಧನೆ ಹುಟ್ಟಬೇಕು, ಮಾಡಿದ್ದಕ್ಕೆ ಆವತ್ತೇ ಕಾಗದ ಇರಬೇಕು. ಕರ್ನಾಟಕದ ಕಾಲೇಜುಗಳಲ್ಲಿ ಈಗಷ್ಟೇ ಕೆಲಸ ಶುರು ಮಾಡಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

1. ನಿಮಗೆ ಅನ್ವಯಿಸುವುದು ಯಾರ ನಿಯಮ ಅಂತ ಮೊದಲು ತಿಳಿಯಿರಿ

ನಮ್ಮ ಶಿಕ್ಷಣದ ಮಟ್ಟವನ್ನು ನಿಗದಿ ಮಾಡುವುದು 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಬಂದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ದೊಡ್ಡದೋ ಕೌನ್ಸಿಲ್ ದೊಡ್ಡದೋ ಅನ್ನುವ ಜಗಳ ಬಹಳ ವರ್ಷ ನಡೆಯಿತು. 2019ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಆರ್ಕಿಟೆಕ್ಚರ್ ಶಿಕ್ಷಣದ ವಿಷಯದಲ್ಲಿ ಕೌನ್ಸಿಲ್ ಮಾತೇ ನಡೆಯಬೇಕು ಅಂತ ತೀರ್ಪು ಕೊಟ್ಟಿತು. ಮರುವರ್ಷ ಕೌನ್ಸಿಲ್‌ನ 2020ರ ಕನಿಷ್ಠ ಮಟ್ಟದ ನಿಯಮಾವಳಿ ಬಂತು. ಯಾವ ಹುದ್ದೆಗೆ ಯಾವ ಡಿಗ್ರಿ, ಎಷ್ಟು ಅನುಭವ ಬೇಕು ಅನ್ನುವುದಕ್ಕೆ ಮೊದಲು ನೋಡಬೇಕಾದ್ದು ಅದನ್ನೇ.

ಅದರ ಜೊತೆಗೆ ಇನ್ನೆರಡು ಪದರಗಳಿವೆ. ವಿಟಿಯು ಇರಲಿ, ಖಾಸಗಿ ವಿಶ್ವವಿದ್ಯಾಲಯ ಇರಲಿ, ಅದಕ್ಕೆ ತನ್ನದೇ ನಿಯಮಗಳಿರುತ್ತವೆ. ಬಡ್ತಿ, ಸಂಬಳದ ವಿಷಯಕ್ಕೆ ಹಲವು ಕಡೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ಖಾಸಗಿ ಕಾಲೇಜುಗಳು ಇದನ್ನು ಪೂರ್ತಿ ಪಾಲಿಸಬಹುದು, ಅರ್ಧ ಪಾಲಿಸಬಹುದು, ತಮ್ಮದೇ ಸರ್ವಿಸ್ ರೂಲ್ಸ್ ಮಾಡಿಕೊಂಡಿರಬಹುದು. ಸೇರಿದ ಮೊದಲ ತಿಂಗಳಲ್ಲೇ ಆಫೀಸಿಗೆ ಹೋಗಿ ಸರ್ವಿಸ್ ರೂಲ್ಸ್ ಪ್ರತಿ ಕೇಳಿ ಇಸಿದುಕೊಳ್ಳಿ. ಕೇಳಲು ಮುಜುಗರ ಬೇಡ. ಅದನ್ನು ಓದುವ ಹಕ್ಕು ನಿಮಗಿದೆ.

ಹಾಗೆಯೇ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿರಲಿ. ಪ್ರಾಕ್ಟೀಸ್ ಮಾಡುತ್ತಿಲ್ಲವಲ್ಲ ಅಂತ ನವೀಕರಣ ಬಿಟ್ಟವರು ಇನ್‌ಸ್ಪೆಕ್ಷನ್ ಬಂದಾಗ ಪರದಾಡುತ್ತಾರೆ.

2. ಅಪಾಯಿಂಟ್‌ಮೆಂಟ್ ಲೆಟರ್ ಅನ್ನು ಸಾಲು ಸಾಲಾಗಿ ಓದಿ

ಅಮೆರಿಕದಲ್ಲಿ ಇರುವಂಥ ಟೆನ್ಯೂರ್ (ಕೆಲವು ವರ್ಷದ ಪರಿಶೀಲನೆಯ ನಂತರ ಸಿಗುವ ಕಾಯಂ ಹುದ್ದೆ) ವ್ಯವಸ್ಥೆ ನಮ್ಮಲ್ಲಿ ಇಲ್ಲ. ಇಲ್ಲಿ ಇರುವುದು ಪ್ರೊಬೇಷನ್, ಅದು ಮುಗಿದ ಮೇಲೆ ಕಾಯಂ ಆದೇಶ. ಈ ಆದೇಶ ತಾನಾಗಿ ಬರುತ್ತದೆ ಅಂತ ತುಂಬ ಜನ ಸುಮ್ನೆ ಕಾಯುತ್ತಾರೆ. ಅವಧಿ ಮುಗಿಯುವ ತಿಂಗಳಲ್ಲಿ ಪ್ರಿನ್ಸಿಪಾಲರಿಗೆ ಒಂದು ಪುಟದ ಮನವಿ ಕೊಡಿ. ಅದರ ಇನ್ನೊಂದು ಪ್ರತಿಗೆ ಆಫೀಸ್ ಸೀಲು ಹಾಕಿಸಿಕೊಂಡು ಬನ್ನಿ.

ಲೆಟರಿನಲ್ಲಿ ಮೂರು ವಿಷಯ ನೋಡಿ. ನೇಮಕ ಪೂರ್ಣಾವಧಿಯದೋ ಕಾಂಟ್ರ್ಯಾಕ್ಟೋ? ಆಯ್ಕೆ ಸಮಿತಿ ಮೂಲಕ ಆದದ್ದು ಅಂತ ಬರೆದಿದೆಯೇ? ಸಂಬಳ ಸ್ಕೇಲ್ (ವೇತನ ಶ್ರೇಣಿ) ಮೇಲೋ, ಕನ್ಸಾಲಿಡೇಟೆಡ್ಡೋ, ಅಂದರೆ ತಿಂಗಳಿಗೆ ಇಷ್ಟೇ ಅಂತ ಒಂದೇ ಮೊತ್ತವೋ? ಯುಜಿಸಿ ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ ಲೆವೆಲ್ 10 ಅನ್ನುವ ವೇತನ ಮೆಟ್ಟಿಲಲ್ಲಿ 57,700 ರೂಪಾಯಿ. ಅದಕ್ಕಿಂತ ತುಂಬ ಕಡಿಮೆ ಕನ್ಸಾಲಿಡೇಟೆಡ್ ಸಂಬಳಕ್ಕೆ ದುಡಿದ ವರ್ಷಗಳು ಮುಂದೆ ಬೇರೆ ಕಡೆ ಬಡ್ತಿಗೆ ಲೆಕ್ಕವಾಗದೆ ಹೋಗಬಹುದು. ತಾತ್ಕಾಲಿಕ ಸೇವೆ ಲೆಕ್ಕಕ್ಕೆ ಬರಬೇಕಾದರೆ ಒಟ್ಟು ಸಂಬಳ ಕಾಯಂ ನೌಕರರ ತಿಂಗಳ ಒಟ್ಟು ಸಂಬಳಕ್ಕಿಂತ ಕಡಿಮೆ ಇರಬಾರದು ಅನ್ನುವುದು ಯುಜಿಸಿ ಇಟ್ಟ ಷರತ್ತುಗಳಲ್ಲಿ ಒಂದು. ಇದು ನನಗೆ ನ್ಯಾಯ ಅನ್ನಿಸುವುದಿಲ್ಲ. ಕಡಿಮೆ ಸಂಬಳಕ್ಕೆ ದುಡಿಸಿಕೊಂಡವರಿಗೆ ಇಲ್ಲದ ಶಿಕ್ಷೆ ದುಡಿದವರಿಗೆ ಸಿಗುತ್ತದೆ. ಆದರೆ ನಿಯಮ ಇರುವುದು ಹೀಗೆ, ಗೊತ್ತಿದ್ದರೆ ಸಂಬಳದ ಮಾತುಕತೆಯಲ್ಲಿ ಅದನ್ನು ಎತ್ತಬಹುದು.

ಸ್ಟುಡಿಯೋ ಗಂಟೆಗಳನ್ನು ವರ್ಕ್‌ಲೋಡಿನಲ್ಲಿ ಹೇಗೆ ಎಣಿಸುತ್ತಾರೆ ಅಂತಲೂ ಕೇಳಿ. ಯುಜಿಸಿ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. ಸ್ಟುಡಿಯೋವನ್ನು ಲ್ಯಾಬ್ ಅಂತ ಪರಿಗಣಿಸಿ ಅರ್ಧ ಎಣಿಸಿದರೆ ನಿಮ್ಮ ವಾರವೇ ಬದಲಾಗುತ್ತದೆ. ಸ್ಟುಡಿಯೋದಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಪಕ್ಕ ಕೂತು ತಿದ್ದುವುದು ಪಾಠಕ್ಕಿಂತ ಜಾಸ್ತಿ ದಣಿಸುವ ಕೆಲಸ. ಇದನ್ನು ಡಿಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ ಎಲ್ಲರೂ ಸೇರಿ ಎತ್ತಬೇಕು.

3. ನಿಮ್ಮ ಹೆಸರನ್ನು ಒಂದೇ ರೀತಿ ಬರೆಯಿರಿ

ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ನಮ್ಮ ಕಡೆಯವರಿಗೆ ಇದು ದೊಡ್ಡ ತಲೆನೋವು. ಮಾರ್ಕ್ಸ್ ಕಾರ್ಡಿನಲ್ಲಿ ಮಂಜುನಾಥ ಎಚ್. ಆರ್., ಮೊದಲ ಪೇಪರಿನಲ್ಲಿ ಎಚ್. ಆರ್. ಮಂಜುನಾಥ, ಪ್ಯಾನ್ ಕಾರ್ಡಿನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದ ಉದ್ದ ಹೆಸರು. ಜರ್ನಲ್‌ನವರ ಫಾರಂ ಸರ್‌ನೇಮ್ ಕೇಳುತ್ತದೆ, ನಾವು ಇನಿಷಿಯಲ್ ತುಂಬುತ್ತೇವೆ. ಸಂಶೋಧನಾ ಪೇಪರ್‌ಗಳ ಡೇಟಾಬೇಸ್ ಆದ ಸ್ಕೋಪಸ್ ಇದನ್ನೆಲ್ಲ ನೋಡಿ ಮೂವರು ಬೇರೆ ಬೇರೆ ಜನ ಅಂದುಕೊಂಡು ಮೂರು ಪ್ರೊಫೈಲ್ ಮಾಡುತ್ತದೆ. ಮದುವೆಯಾದ ಮೇಲೆ ಹೆಸರು ಬದಲಿಸಿದ ಹೆಣ್ಣುಮಕ್ಕಳಿಗೆ ಗೊಂದಲ ಇನ್ನೂ ಜಾಸ್ತಿ.

ಮೊದಲ ಪೇಪರ್ ಕಳಿಸುವ ಮುಂಚೆ ಒಂದು ರೂಪ ಆರಿಸಿಕೊಳ್ಳಿ. ಆರ್ಕಿಡ್ ಅನ್ನುವ 16 ಅಂಕಿಯ ಗುರುತು ಸಂಖ್ಯೆ ಪುಕ್ಕಟೆಯಾಗಿ ಸಿಗುತ್ತದೆ, ಮಾಡಿಸಿಕೊಳ್ಳಿ. ಗೂಗಲ್ ಸ್ಕಾಲರ್‌ನಲ್ಲಿ, ಇನ್‌ಫ್ಲಿಬ್‌ನೆಟ್ ನಡೆಸುವ, ಸಂಶೋಧಕರ ವಿವರ ಇರುವ ವಿದ್ವಾನ್ ತಾಣದಲ್ಲಿ ಅದೇ ಹೆಸರು ಹಾಕಿ. ಅರ್ಧ ದಿನದ ಕೆಲಸ.

4. ಪಿಎಚ್‌ಡಿ ಮುಂದೂಡಬೇಡಿ

ಯುಜಿಸಿ 2018ರ ಬಡ್ತಿ ಏಣಿ ಹೀಗಿದೆ. ಲೆವೆಲ್ 10ರಿಂದ 11ಕ್ಕೆ ಹೋಗಲು ಪಿಎಚ್‌ಡಿ ಇದ್ದವರಿಗೆ 4 ವರ್ಷ. ಎಂ.ಟೆಕ್‌ನಂಥ ವೃತ್ತಿಪರ ಸ್ನಾತಕೋತ್ತರ ಪದವಿಯವರಿಗೆ 5 ವರ್ಷ. ಉಳಿದವರಿಗೆ 6 ವರ್ಷ. ಅಲ್ಲಿಂದ 12ಕ್ಕೆ 5 ವರ್ಷ. ಅಲ್ಲಿಂದ 13ಎ, ಅಂದರೆ ಸಹ ಪ್ರಾಧ್ಯಾಪಕ ಹುದ್ದೆಗೆ 3 ವರ್ಷ, ಮತ್ತು ಪಿಎಚ್‌ಡಿ ಇರಲೇಬೇಕು. 12ರ ಮೂಲ ವೇತನ 79,800 ರೂಪಾಯಿಗೆ ಶುರು, 13ಎಯದು 1,31,400ಕ್ಕೆ. ಪಿಎಚ್‌ಡಿ ಇಲ್ಲದಿದ್ದರೆ ಆ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ಒಳ್ಳೆಯ ಡಿಸೈನ್ ಮೇಷ್ಟ್ರಿಗೆ ಪಿಎಚ್‌ಡಿ ಯಾಕೆ ಬೇಕು ಅನ್ನುವ ವಾದ ನಮ್ಮ ಸ್ಟಾಫ್ ರೂಮುಗಳಲ್ಲಿ ಮುಗಿಯುವುದೇ ಇಲ್ಲ. ವಾದದಲ್ಲಿ ಹುರುಳಿದೆ. ಇಪ್ಪತ್ತು ವರ್ಷ ಕಟ್ಟಡ ಕಟ್ಟಿದವರು ಒಂದು ಸೆಕ್ಷನ್ (ಕಟ್ಟಡದ ಸೀಳುನಕ್ಷೆ) ನೋಡಿ ಹೇಳುವ ಮಾತು ಯಾವ ಪ್ರಬಂಧದಲ್ಲೂ ಸಿಗುವುದಿಲ್ಲ. ಆದರೂ ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸಿನವರಿಗೆ ನಾನು ಹೇಳುವುದು ಒಂದೇ: ವಾದ ನಡೆಯುತ್ತಿರಲಿ, ನೀವು ರಿಜಿಸ್ಟರ್ ಮಾಡಿಸಿ.

2022ರ ಯುಜಿಸಿ ಪಿಎಚ್‌ಡಿ ನಿಯಮಗಳ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಮರುನೋಂದಣಿಯಿಂದ ಇನ್ನೆರಡು ವರ್ಷ. ಪಾರ್ಟ್‌ಟೈಮ್ ಮಾಡಬಹುದು, ಕಾಲೇಜಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಮಹಿಳೆಯರಿಗೆ ಎರಡು ವರ್ಷ ಹೆಚ್ಚುವರಿ ಅವಕಾಶ ಇದೆ, 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಯೂ ಇದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಮಗು ಸಣ್ಣದು ಅಂತ ಕೈಬಿಡುವ ಮುಂಚೆ ಈ ಸಾಲುಗಳನ್ನು ವಿಶ್ವವಿದ್ಯಾಲಯಕ್ಕೆ ತೋರಿಸಿ.

ಗೈಡ್ ಆರಿಸುವುದು ವಿಷಯ ಆರಿಸುವುದಕ್ಕಿಂತ ಮುಖ್ಯ. ಆರ್ಕಿಟೆಕ್ಚರ್‌ನಲ್ಲಿ ಗೈಡ್‌ಗಳೇ ಕಡಿಮೆ, ಒಬ್ಬ ಪ್ರಾಧ್ಯಾಪಕರು ಒಂದು ಹೊತ್ತಿಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರನ್ನಷ್ಟೇ ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಶೋಧಗಂಗಾ ತಾಣದಲ್ಲಿ ಆ ಗೈಡ್ ಹೆಸರು ಹಾಕಿ ಹುಡುಕಿ. ಎಷ್ಟು ಜನರ ಪ್ರಬಂಧ ಮುಗಿದಿದೆ, ಯಾವ ವರ್ಷ ಮುಗಿದಿದೆ ಕಾಣುತ್ತದೆ. ಎರಡು ಪ್ರಬಂಧ ಇಳಿಸಿಕೊಂಡು ಕೊನೆಯ ಅಧ್ಯಾಯ ಓದಿ. ಆಮೇಲೆ ಅವರ ವಿದ್ಯಾರ್ಥಿಯೊಬ್ಬರಿಗೆ ಫೋನ್ ಮಾಡಿ, ತಿದ್ದಿದ ಅಧ್ಯಾಯ ವಾಪಸ್ ಬರಲು ಎಷ್ಟು ದಿನ ಆಗುತ್ತದೆ ಅಂತ ಕೇಳಿ. ಗೈಡ್ ಆರ್ಕಿಟೆಕ್ಚರ್‌ನವರೇ ಆಗಬೇಕೆಂಬ ಹಟವಿದ್ದರೆ ದಾರಿ ಕಿರಿದಾಗುತ್ತದೆ. ಮಣ್ಣು, ಸುಣ್ಣ, ಶಾಖದ ವಿಷಯವಾದರೆ ಐಐಎಸ್‌ಸಿಯ ಸೆಂಟರ್ ಫಾರ್ ಸಸ್ಟೇನಬಲ್ ಟೆಕ್ನಾಲಜೀಸ್ ಇದೆ. 1974ರಲ್ಲಿ ಅಸ್ತ್ರ ಅಂತ ಶುರುವಾಗಿ, ಗಟ್ಟಿಗೊಳಿಸಿದ ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ ಜಾಗ ಅದು. ಆದರೆ ಗೈಡ್ ಬೇರೆ ವಿಭಾಗದವರಾದರೆ ನಿಮ್ಮ ಡಿಗ್ರಿ ಬಡ್ತಿಗೆ ಸಂಬಂಧಿಸಿದ ವಿಷಯದ್ದೇ ಅಂತ ಪರಿಗಣಿಸುತ್ತಾರಾ ಅಂತ ಕಾಲೇಜಿನಿಂದ ಬರವಣಿಗೆಯಲ್ಲಿ ಖಚಿತ ಮಾಡಿಕೊಳ್ಳಿ.

5. ಸ್ಟುಡಿಯೋದಿಂದಲೇ ಪೇಪರ್ ತೆಗೆಯಿರಿ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಎರಡನೇ ವರ್ಷದವರಿಗೆ ಮೆಷರ್ಡ್ ಡ್ರಾಯಿಂಗ್ (ಇರುವ ಕಟ್ಟಡವನ್ನು ಅಳೆದು ನಕ್ಷೆ ಬರೆಯುವುದು) ಇರುತ್ತದೆ ಅಂದುಕೊಳ್ಳಿ. 40 ಮಕ್ಕಳು, ಮೈಸೂರು ಸೀಮೆಯ ಒಂದು ಊರಿನ ತೊಟ್ಟಿ ಮನೆಗಳು. ಸಾಮಾನ್ಯವಾಗಿ ಏನಾಗುತ್ತದೆ? ಮಕ್ಕಳು ಟೇಪ್ ಹಿಡಿದು ಅಳೆಯುತ್ತಾರೆ, ಚೆಂದದ ಶೀಟ್ ಮಾಡುತ್ತಾರೆ, ಜ್ಯೂರಿ ಆಗುತ್ತದೆ, ಶೀಟುಗಳು ಬೀರುವಿನ ಮೇಲೆ ಧೂಳು ತಿನ್ನುತ್ತವೆ. ಅಲ್ಲಿಗೆ ಒಂದು ಸೆಮಿಸ್ಟರಿನ ದುಡಿಮೆ ಮುಗಿಯಿತು.

ಅದೇ ಕೆಲಸವನ್ನು ಹೊರಡುವ ಮುಂಚೆ ಸ್ವಲ್ಪ ಬದಲಿಸಿ. ಎಲ್ಲ ತಂಡಗಳಿಗೂ ಒಂದೇ ನಮೂನೆಯ ಹಾಳೆ ಕೊಡಿ. ತೊಟ್ಟಿಯ ಉದ್ದ, ಅಗಲ, ಸುತ್ತಲ ಜಗುಲಿಯ ಸೂರು ಎಷ್ಟು ಎತ್ತರ, ಗೋಡೆ ದಪ್ಪ, ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಚಾವಣಿಗೆ ನಾಡ ಹೆಂಚೋ ಮಂಗಳೂರು ಹೆಂಚೋ, ಮನೆ ಯಾವ ದಿಕ್ಕಿಗೆ, ಮನೆಯಲ್ಲಿ ಎಷ್ಟು ಪಾಲಾಗಿದೆ, ತೊಟ್ಟಿಯ ಮೇಲೆ ಫೈಬರ್ ಶೀಟ್ ಯಾವಾಗ ಬಂತು, ಯಾಕೆ ಬಂತು. ಕೊನೆಯ ಪ್ರಶ್ನೆಗೆ ಮನೆಯ ಅಜ್ಜಿ ಕೊಡುವ ಉತ್ತರ ಬಹಳ ಬೆಲೆಯುಳ್ಳದ್ದು. ಮಳೆ ಎರಚಲಿಗೆ ಇರಬಹುದು, ಕೋತಿ ಕಾಟಕ್ಕೆ ಇರಬಹುದು, ಅಣ್ಣತಮ್ಮಂದಿರ ಪಾಲಿಗೆ ಇರಬಹುದು. ಮನೆಯವರ ಒಪ್ಪಿಗೆಯನ್ನು ಸಹಿ ಸಮೇತ ತೆಗೆದುಕೊಳ್ಳಿ. ಹೆಸರು, ಮನೆಯ ಗುರುತು ಪೇಪರಿನಲ್ಲಿ ಬರಬಾರದು ಅಂತ ಮೊದಲೇ ಮಾತಾಡಿಕೊಳ್ಳಿ.

ಒಂದೆರಡು ಮನೆಗಳಲ್ಲಿ ಉಷ್ಣಾಂಶ, ತೇವಾಂಶ ದಾಖಲಿಸುವ ಲಾಗರ್ ಇಡಿ. ಒಂದು ತೊಟ್ಟಿಯ ಪಕ್ಕದ ಪಡಸಾಲೆಯಲ್ಲಿ, ಒಂದು ಒಳಕೋಣೆಯಲ್ಲಿ, ಒಂದು ಹೊರಗೆ ನೆರಳಿನಲ್ಲಿ. ಒಳಗಿನವು ನೆಲದಿಂದ 1.1 ಮೀಟರ್ ಎತ್ತರದಲ್ಲಿ, ಅಂದರೆ ಕೂತವರ ತಲೆಯ ಮಟ್ಟದಲ್ಲಿ ಇರಲಿ. 15 ನಿಮಿಷಕ್ಕೊಮ್ಮೆ ಓದುವಂತೆ ಹೊಂದಿಸಿ. ಏಪ್ರಿಲ್‌ನಲ್ಲಿ ಒಂದು ಸಲ, ಡಿಸೆಂಬರ್‌ನಲ್ಲಿ ಒಂದು ಸಲ. ಗೋಡೆಗೆ ತಾಗಿಸಬೇಡಿ, ಒಲೆಯ ಹತ್ತಿರ ಇಡಬೇಡಿ, ಮಕ್ಕಳ ಕೈಗೆ ಸಿಗುವ ಹಾಗೆ ಇಡಬೇಡಿ.

ಈಗ ನಿಮ್ಮ ಕೈಯಲ್ಲಿ ಶೀಟುಗಳ ಜೊತೆ ಒಂದು ಪಟ್ಟಿ ಇದೆ. ಅದರಿಂದ ಮನೆಗಳ ಬಗೆಗಳ ಮೇಲೆ ಒಂದು ಪೇಪರ್, ಉಷ್ಣಾಂಶದ ಮೇಲೆ ಒಂದು, ತೊಟ್ಟಿ ಮುಚ್ಚಿದ ಕಾರಣಗಳ ಮೇಲೆ ಒಂದು ಬರೆಯಬಹುದು. ಮಾರನೇ ವರ್ಷದ ಬ್ಯಾಚಿಗೆ ಪಕ್ಕದ ಊರು ಕೊಟ್ಟರೆ ಪಟ್ಟಿ ಬೆಳೆಯುತ್ತದೆ. ಕರಾವಳಿಯವರಿಗೆ ಗುತ್ತಿನ ಮನೆ, ಕೊಡಗಿನವರಿಗೆ ಐನ್‌ಮನೆ, ಬೀದರಿನವರಿಗೆ ಸುರಂಗ ಬಾವಿ, ಬೆಂಗಳೂರಿನವರಿಗೆ ಕೆರೆ ಅಂಗಳ, ಪಿ.ಜಿ. ಹಾಸ್ಟೆಲ್, ಬಿಡಿಎ ಲೇಔಟು. ವಿಷಯಕ್ಕೇನೂ ಬರ ಇಲ್ಲ. ಐದು ವರ್ಷ ಒಂದೇ ಜಾಡಿನಲ್ಲಿ ನಡೆಯುವುದು ಮುಖ್ಯ. ಈ ಸಲ ಬಿದಿರು, ಮುಂದಿನ ಸಲ ಸ್ಮಾರ್ಟ್ ಸಿಟಿ ಅಂತ ಹಾರಿದರೆ ನಿಮ್ಮ ಹೆಸರು ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಡ್ರಾಯಿಂಗ್ ವಿದ್ಯಾರ್ಥಿಗಳದ್ದು. ಚಿತ್ರದ ಕೆಳಗೆ ಅವರ ಹೆಸರು ಬರಬೇಕು. ವಿಶ್ಲೇಷಣೆಯಲ್ಲಿ, ಬರವಣಿಗೆಯಲ್ಲಿ ನಿಜವಾಗಿ ಕೈಜೋಡಿಸಿದವರು ಸಹ ಲೇಖಕರಾಗಬೇಕು. ಬಡ್ತಿಗೆ ಎಣಿಸುವ ಸಂಶೋಧನಾ ಅಂಕದ ಯುಜಿಸಿ ಲೆಕ್ಕದಲ್ಲಿ ಇಬ್ಬರು ಲೇಖಕರಿದ್ದರೆ ತಲಾ 70 ಶೇಕಡಾ ಅಂಕ. ಇಬ್ಬರಿಗಿಂತ ಹೆಚ್ಚಿದ್ದರೆ ಮೊದಲ ಅಥವಾ ಕರೆಸ್ಪಾಂಡಿಂಗ್ (ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ) ಲೇಖಕರಿಗೆ 70, ಉಳಿದ ಒಬ್ಬೊಬ್ಬರಿಗೂ 30 ಶೇಕಡಾ. ವಿದ್ಯಾರ್ಥಿಯನ್ನು ಸೇರಿಸಿಕೊಂಡರೆ ನಿಮಗೆ ದೊಡ್ಡ ನಷ್ಟವೇನಿಲ್ಲ. ಕೆಲಸ ಮಾಡದ ಹಿರಿಯರ ಹೆಸರನ್ನು ಮೇಲೆ ಹಾಕುವುದು ಮಾತ್ರ ಬೇಡವೇ ಬೇಡ.

6. ಪೇಪರ್ ಎಲ್ಲಿಗೆ ಕಳಿಸಬೇಕು

ಮೊದಲು ಅಂಕದ ಲೆಕ್ಕ ನೋಡೋಣ. ಯುಜಿಸಿಯ 2018ರ ಅಂಕದ ಕೋಷ್ಟಕದಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಕಡೆಯ ಪೇಪರಿಗೆ 8 ಅಂಕ, ಭಾಷೆ, ಕಲೆ, ಸಮಾಜ ವಿಜ್ಞಾನದ ಕಡೆ 10. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪೇಪರ್‌ಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಅನ್ನುವ ಅಳತೆ) ನೋಡಿ ಮೇಲೆ ಇನ್ನಷ್ಟು ಸೇರುತ್ತದೆ. ಆರ್ಕಿಟೆಕ್ಚರ್ ಯಾವ ಕಡೆ? ನಿಮ್ಮ ವಿಶ್ವವಿದ್ಯಾಲಯ ಯಾವ ಕಾಲಂ ಬಳಸುತ್ತದೆ ಅಂತ ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯುಎಸಿ ಘಟಕದವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಪುಸ್ತಕಕ್ಕೆ ಅಂತರರಾಷ್ಟ್ರೀಯ ಪ್ರಕಾಶಕರಾದರೆ 12, ದೇಶದವರಾದರೆ 10, ಒಂದು ಅಧ್ಯಾಯಕ್ಕೆ 5. ಎಂ.ಆರ್ಕ್ ಪ್ರಬಂಧಕ್ಕೆ ಮಾರ್ಗದರ್ಶನ ಮಾಡಿದರೆ ಡಿಗ್ರಿ ಸಿಕ್ಕ ಒಬ್ಬೊಬ್ಬರಿಗೆ 2, ಪಿಎಚ್‌ಡಿಗೆ 10. ಕನ್ಸಲ್ಟೆನ್ಸಿಗೆ 3. ಒಟ್ಟು ಅಂಕ ಆರು ವಿಭಾಗಗಳಲ್ಲಿ ಕನಿಷ್ಠ ಮೂರರಿಂದ ಬರಬೇಕು, ಬರೀ ಪೇಪರ್ ಸಾಲದು. ಸೆಮಿನಾರ್ ಭಾಷಣ ಮತ್ತು ನೀತಿ ವರದಿಗಳಿಂದ 30 ಶೇಕಡಾಕ್ಕಿಂತ ಜಾಸ್ತಿ ತೋರಿಸುವಂತಿಲ್ಲ. ಆದ್ದರಿಂದ ಊರೂರು ತಿರುಗಿ ಸರ್ಟಿಫಿಕೇಟ್ ಒಟ್ಟು ಹಾಕುವುದರಿಂದ ಹೆಚ್ಚು ಲಾಭ ಇಲ್ಲ.

ಗಮನಿಸಿ, ಕಟ್ಟಿದ ಕಟ್ಟಡಕ್ಕೆ ಈ ಕೋಷ್ಟಕದಲ್ಲಿ ಜಾಗವೇ ಇಲ್ಲ. ನಮ್ಮ ಕ್ಷೇತ್ರಕ್ಕೆ ಇದು ದೊಡ್ಡ ಅನ್ಯಾಯ. ಸದ್ಯಕ್ಕೆ ಇರುವ ದಾರಿ ಎರಡು. ಕೆಲಸವನ್ನು ಕಾಲೇಜಿನ ಹೆಸರಿನಲ್ಲಿ ಕನ್ಸಲ್ಟೆನ್ಸಿಯಾಗಿ, ಕಾಲೇಜಿನ ಖಾತೆಗೆ ಹಣ ಬರುವಂತೆ ತೆಗೆದುಕೊಳ್ಳುವುದು ಒಂದು. ಕಟ್ಟಡದಲ್ಲಿ ಜನ ವಾಸ ಶುರು ಮಾಡಿ ವರ್ಷ ಕಳೆದ ಮೇಲೆ ಹೋಗಿ, ಅಂದುಕೊಂಡದ್ದು ನಡೆಯಿತೇ ಅಂತ ಅಳೆದು ಬರೆಯುವುದು ಇನ್ನೊಂದು. ಖಾಸಗಿ ಪ್ರಾಕ್ಟೀಸ್ ಇದ್ದರೆ ಮ್ಯಾನೇಜ್‌ಮೆಂಟಿನ ಲಿಖಿತ ಅನುಮತಿ ಇಟ್ಟುಕೊಳ್ಳಿ.

ಜರ್ನಲ್ ವಿಷಯದಲ್ಲಿ ಈಗ ಎಚ್ಚರ ಜಾಸ್ತಿ ಬೇಕು. ಒಪ್ಪಬಹುದಾದ ಜರ್ನಲ್‌ಗಳನ್ನು ಹೆಸರಿಸುತ್ತಿದ್ದ ಯುಜಿಸಿಯ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದರು. ಜರ್ನಲ್ ಒಳ್ಳೆಯದೇ ಅಂತ ತೀರ್ಮಾನಿಸುವ ಹೊಣೆ ಈಗ ಕಾಲೇಜುಗಳ ಮೇಲೆ ಬಂದಿದೆ. ಒಂದೇ ವಾರದಲ್ಲಿ ಪ್ರಕಟಿಸುತ್ತೇವೆ, ದುಡ್ಡು ಹಾಕಿ ಅಂತ ಬರುವ ಮೇಲ್ ಅನ್ನು ತೆರೆಯದೆ ಅಳಿಸಿ. ಅಂಥ ಕಡೆ ಹಾಕಿದ ಪೇಪರ್ ಜೀವನಪೂರ್ತಿ ನಿಮ್ಮ ಹೆಸರಿನ ಜೊತೆ ಉಳಿಯುತ್ತದೆ. ಜರ್ನಲ್ ಸ್ಕೋಪಸ್‌ನಲ್ಲಿ ಈ ವರ್ಷವೂ ಇದೆಯೇ ಅಂತ ಸ್ಕೋಪಸ್ ತಾಣದಲ್ಲೇ ನೋಡಿ, ಜರ್ನಲ್‌ನ ಮುಖಪುಟ ಹೇಳಿದ್ದನ್ನು ನಂಬಬೇಡಿ. ಶಾಖ, ಬೆಳಕಿನ ಕೆಲಸಕ್ಕೆ ಬಿಲ್ಡಿಂಗ್ ಆಂಡ್ ಎನ್ವಿರಾನ್‌ಮೆಂಟ್, ವಸತಿಗೆ ಹ್ಯಾಬಿಟಾಟ್ ಇಂಟರ್‌ನ್ಯಾಷನಲ್, ಪಾಠ ಕಲಿಸುವ ಬಗೆಗೆ ಜರ್ನಲ್ ಆಫ್ ಆರ್ಕಿಟೆಕ್ಚರಲ್ ಎಜುಕೇಷನ್, ಎಲ್ಲಕ್ಕೂ ಹೊಂದುವಂಥದ್ದು ಫ್ರಾಂಟಿಯರ್ಸ್ ಆಫ್ ಆರ್ಕಿಟೆಕ್ಚರಲ್ ರಿಸರ್ಚ್. ಇವು ಎತ್ತರದ ಗುರಿಗಳು. ತಿರಸ್ಕಾರ ಬಂದರೂ ಜೊತೆಗೆ ಬರುವ ವಿಮರ್ಶಕರ ಟಿಪ್ಪಣಿ ಮುಂದಿನ ಕರಡಿಗೆ ನೆರವಾಗುತ್ತದೆ.

ಕನ್ನಡದಲ್ಲೂ ಬರೆಯಿರಿ. ಅಂಕ ಬಾರದೆ ಹೋಗಬಹುದು. ಆದರೆ ಅಳತೆ ಕೊಟ್ಟ ಮನೆಯವರು ಅದನ್ನು ಓದಬಹುದು, ಅಲ್ವಾ?

7. ತರಬೇತಿ ಮತ್ತು ಕಮಿಟಿ ಕೆಲಸ

ಮೊದಲ ಬಡ್ತಿಗೆ 21 ದಿನದ ಓರಿಯೆಂಟೇಷನ್ ಕೋರ್ಸ್ ಕೇಳುತ್ತಾರೆ. ಮಾಳವೀಯ ಮಿಷನ್ ಅನ್ನುವ ಶಿಕ್ಷಕರ ತರಬೇತಿ ಕೇಂದ್ರಗಳಲ್ಲಿ ನಡೆಯುತ್ತದೆ. ಆರ್ಕಿಟೆಕ್ಚರ್ ಮೇಷ್ಟ್ರಿಗೇ ಮಾಡುವ ತರಬೇತಿ ಬೇಕಾದರೆ ಪುಣೆಯಲ್ಲಿರುವ ಕೌನ್ಸಿಲ್‌ನ ತರಬೇತಿ ಮತ್ತು ಸಂಶೋಧನಾ ಕೇಂದ್ರದ ಪ್ರಕಟಣೆ ನೋಡುತ್ತಿರಿ.

ಕಮಿಟಿ ಕೆಲಸ ಕಿರಿಯರ ತಲೆಗೇ ಬರುತ್ತದೆ. ಒಪ್ಪಿಕೊಳ್ಳಿ, ಆದರೆ ಬಾಯಿಮಾತಿನ ಮೇಲೆ ಬೇಡ. "ಸರ್, ಒಂದು ಆಫೀಸ್ ಆರ್ಡರ್ ಹಾಕಿಸಿಕೊಡಿ" ಅಂತ ವಿನಯದಿಂದ ಕೇಳಿ. ನ್ಯಾಕ್, ಸ್ಟಡಿ ಟೂರ್, ಎಕ್ಸಿಬಿಷನ್ ಎಲ್ಲಕ್ಕೂ ಆರ್ಡರ್ ಇದ್ದರೆ ವರ್ಷದ ಮೌಲ್ಯಮಾಪನದಲ್ಲಿ ತೋರಿಸಬಹುದು.

8. ಕಾಗದಪತ್ರ

ಒಂದೊಂದು ಶೈಕ್ಷಣಿಕ ವರ್ಷಕ್ಕೆ ಒಂದೊಂದು ಫೋಲ್ಡರ್ ಮಾಡಿ. ಸಹಿ ಇರುವ ಟೈಮ್‌ಟೇಬಲ್, ಕೋರ್ಸ್ ಫೈಲ್, ಫಲಿತಾಂಶ, ವಿದ್ಯಾರ್ಥಿಗಳ ಫೀಡ್‌ಬ್ಯಾಕ್, ಜ್ಯೂರಿಗೆ ಕರೆದ ಪತ್ರ, ಎಕ್ಸ್‌ಟರ್ನಲ್ ಎಕ್ಸಾಮಿನರ್ ಆದೇಶ, ಫಾರ್ಮ್ 16. ಬೇರೆ ಕಾಲೇಜಿನ ಜ್ಯೂರಿಗೆ ಹೋದರೆ ಅಟೆಂಡೆನ್ಸ್ ಪತ್ರ ಆವತ್ತೇ ಇಸಿದುಕೊಳ್ಳಿ, ಆಮೇಲೆ ಕಳಿಸುತ್ತಾರೆ ಅಂತ ಬರಬೇಡಿ. ಸ್ಟುಡಿಯೋದ ಬ್ರೀಫ್ (ಮಕ್ಕಳಿಗೆ ಕೊಟ್ಟ ಡಿಸೈನ್ ಕೆಲಸದ ವಿವರ), ಮೂರು ನಾಲ್ಕು ಒಳ್ಳೆಯ ಶೀಟು, ಒಂದು ಸಾಧಾರಣ ಶೀಟು, ಮಾಡೆಲ್‌ನ ಫೋಟೋ ಇಡಿ. ನಿಮ್ಮ ಬೋಧನೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಕಾಲೇಜು ಬದಲಿಸುವಾಗ ಅನುಭವ ಪತ್ರದಲ್ಲಿ ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ, ಪೂರ್ಣಾವಧಿ, ವೇತನ ಶ್ರೇಣಿ ಐದೂ ಇರಬೇಕು. ರಿಲೀವಿಂಗ್ ಲೆಟರ್ ಕೈಗೆ ಬಾರದೆ ಹೊರಡಬೇಡಿ.

9. ಹೊರದೇಶಕ್ಕೆ ಹೋಗುವವರಿಗೆ

ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಟೆನ್ಯೂರ್ ದಾರಿಯ ಹುದ್ದೆ ಸಿಕ್ಕರೆ ಲೆಕ್ಕ ಬೇರೆ. ಸಾಮಾನ್ಯವಾಗಿ ಮೂರನೇ ವರ್ಷ ಒಂದು ನಡುವಿನ ಪರಿಶೀಲನೆ, ಆರನೇ ವರ್ಷ ಅಂತಿಮ ತೀರ್ಮಾನ. ಹೊರಗಿನ ವಿದ್ವಾಂಸರಿಗೆ ನಿಮ್ಮ ಕೆಲಸ ಕಳಿಸಿ ಪತ್ರ ತರಿಸುತ್ತಾರೆ. ಸಿಗದಿದ್ದರೆ ಸಾಮಾನ್ಯವಾಗಿ ಇನ್ನೊಂದು ವರ್ಷದಲ್ಲಿ ಜಾಗ ಬಿಡಬೇಕು. ಅಲ್ಲಿ ಎಷ್ಟೋ ಆರ್ಕಿಟೆಕ್ಚರ್ ವಿಭಾಗಗಳು ಕಟ್ಟಿದ ಕೆಲಸ, ಪ್ರದರ್ಶನ, ಸ್ಪರ್ಧೆಯ ಬಹುಮಾನವನ್ನೂ ಪರಿಗಣಿಸುತ್ತವೆ. ಯಾವುದಕ್ಕೆ ಎಷ್ಟು ತೂಕ ಅನ್ನುವುದನ್ನು ವಿಭಾಗದ ಲಿಖಿತ ಮಾನದಂಡದಿಂದ ಮೊದಲ ಸೆಮಿಸ್ಟರಿನಲ್ಲೇ ತಿಳಿದುಕೊಳ್ಳಿ.

10. ಅರ್ಜಿ ನೀವೇ ಹಾಕಬೇಕು

ಬಡ್ತಿಯನ್ನು ಯಾರೂ ಮನೆಗೆ ತಂದುಕೊಡುವುದಿಲ್ಲ. ಅರ್ಹತೆಯ ದಿನಕ್ಕೆ ಮೂರು ತಿಂಗಳು ಮುಂಚೆಯೇ ಅರ್ಜಿ ಕೊಡಲು ಯುಜಿಸಿ ನಿಯಮದಲ್ಲಿ ಅವಕಾಶವಿದೆ. ಆ ತಾರೀಖನ್ನು ಫೋನ್ ಕ್ಯಾಲೆಂಡರಿನಲ್ಲಿ ಈಗಲೇ ಹಾಕಿಡಿ. 2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ಹೊರಡಿಸಿತು. ಅಂಕ ಎಣಿಸುವುದನ್ನು ಬಿಟ್ಟು ಗಮನಾರ್ಹ ಕೊಡುಗೆಗಳನ್ನು ನೋಡುವ ಪ್ರಸ್ತಾಪ ಅದರಲ್ಲಿತ್ತು. ಆದ್ದರಿಂದ ಅರ್ಜಿ ತುಂಬುವ ಮುಂಚೆ ನಿಮ್ಮ ವಿಶ್ವವಿದ್ಯಾಲಯದಲ್ಲಿ ಆ ದಿನ ಯಾವ ನಿಯಮ ಜಾರಿಯಲ್ಲಿದೆ ಅಂತ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ.

ಸಮಿತಿಯಲ್ಲಿ ಆರ್ಕಿಟೆಕ್ಚರ್ ಗೊತ್ತಿಲ್ಲದವರೂ ಕೂತಿರುತ್ತಾರೆ. ಅವರಿಗೆ ಸ್ಟುಡಿಯೋ ಅಂದರೆ ಏನು ಅಂತ ಎರಡು ನಿಮಿಷದಲ್ಲಿ ಹೇಳಲು ಬರಬೇಕು. ಒಂದು ಬ್ರೀಫ್ ತೋರಿಸಿ, ಅದೇ ಬ್ರೀಫಿನಿಂದ ಬಂದ ಶೀಟು ತೋರಿಸಿ, ಆ ಶೀಟಿನಿಂದ ಬಂದ ಪೇಪರ್ ತೋರಿಸಿ. ಮೂಲ ಪ್ರತಿಗಳ ಒಂದು ಸೆಟ್ಟು, ಸ್ಪೈರಲ್ ಬೈಂಡ್ ಮಾಡಿ ಪುಟ ಸಂಖ್ಯೆ ಹಾಕಿದ ಜೆರಾಕ್ಸ್ ಎರಡು ಸೆಟ್ಟು ಜೊತೆಗಿರಲಿ. ಅರ್ಜಿಯ ಒಂದೊಂದು ಸಾಲಿನ ಎದುರೂ ಅದಕ್ಕೆ ಸಾಕ್ಷಿ ಯಾವ ಪುಟದಲ್ಲಿದೆ ಅಂತ ಬರೆದಿರಿ. ಕೊನೆಗೆ ಸಹಿ ಹಾಕಿದ ಅರ್ಜಿಯ ಸ್ವೀಕೃತಿ ಪ್ರತಿ, ತಾರೀಖು ಸಮೇತ, ಇಸಿದುಕೊಂಡೇ ಹೊರಗೆ ಬನ್ನಿ.